ನನ್ನ ಲ್ಯಾಪ್‌ಟಾಪಿನೊಳಗಿನ ಹಳೇ ಬ್ಯಾಂಕು

ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಕೆಲಸ ಮಾಡುವವರಿಗೆಲ್ಲ ಪಿಜಿಬೆಂಚ್ ಗೊತ್ತಿರುತ್ತೆ. ಸರ್ವರ್ ಎಷ್ಟು ಭಾರ ಹೊರುತ್ತೆ ಅಂತ ಅಳೆಯೋದಕ್ಕೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪುಟ್ಟ ಪ್ರೋಗ್ರಾಂ ಅದು. ನಾನು ವರ್ಷಗಟ್ಟಲೆ ಅದನ್ನು ಓಡಿಸಿದ್ದೇನೆ. ಹೊಸ ಸರ್ವರ್ ಬಂತಾ, ಓಡಿಸು. ಡಿಸ್ಕ್ ಬದಲಾಯಿಸಿದರಾ, ಓಡಿಸು. ಕೊನೆಯಲ್ಲಿ ಟಿಪಿಎಸ್ ಅಂತ ಒಂದು ಸಂಖ್ಯೆ ಬರುತ್ತೆ, ಅಂದ್ರೆ ಸೆಕೆಂಡಿಗೆ ಎಷ್ಟು ಟ್ರಾನ್ಸಾಕ್ಷನ್ ಮುಗಿದವು ಅನ್ನೋ ಲೆಕ್ಕ. ಅದನ್ನು ಎಕ್ಸೆಲ್‌ಗೆ ಹಾಕಿ, ಮೇಲ್ ಮಾಡಿ, ಟೀ ಕುಡಿಯೋಕೆ ಹೋಗೋದು.

ಅದು ಸೃಷ್ಟಿಸುವ ಟೇಬಲ್‌ಗಳ ಹೆಸರನ್ನು ನಾನು ಗಮನವಿಟ್ಟು ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ. ಬ್ರಾಂಚಸ್, ಟೆಲ್ಲರ್ಸ್, ಅಕೌಂಟ್ಸ್, ಹಿಸ್ಟರಿ. ಏನೂ ಬದಲಾಯಿಸದೆ ಶುರುಮಾಡಿದರೆ 1 ಬ್ರಾಂಚು, 10 ಟೆಲ್ಲರ್, 1,00,000 ಖಾತೆ. ಅರೆ, ಇದು ಬ್ಯಾಂಕು! ಫಲಿತಾಂಶದ ಮೊದಲ ಸಾಲುಗಳಲ್ಲೇ ಟಿಪಿಸಿ-ಬಿ ಅಂತ ಬರೆದು, ಪಕ್ಕದಲ್ಲಿ ಸಂಕೋಚದಿಂದ 'ಸಾರ್ಟ್ ಆಫ್' ಅಂತ ಬೇರೆ ಸೇರಿಸಿರುತ್ತಾರೆ. ಹೆಚ್ಚೂಕಡಿಮೆ ಟಿಪಿಸಿ-ಬಿ ಅಂತ. ಯಾವ ಬ್ಯಾಂಕು ಇದು, ಟೆಲ್ಲರ್‌ಗಳು ಹತ್ತೇ ಜನ ಯಾಕೆ, ನಾನು ತಿಂಡಿ ಡೆಲಿವರಿ ಆ್ಯಪ್‌ಗೋ ಟಿಕೆಟ್ ಬುಕಿಂಗಿಗೋ ಸರ್ವರ್ ನೋಡ್ತಿರುವಾಗ ಈ ಬ್ಯಾಂಕು ಯಾಕೆ ನನ್ನ ಲ್ಯಾಪ್‌ಟಾಪಿನಲ್ಲಿ ಬಾಗಿಲು ತೆಗೆಯುತ್ತೆ? ಹುಡುಕುತ್ತಾ ಹೋದೆ. ಐವತ್ತು ವರ್ಷದ ಜಗಳವೊಂದು ಸಿಕ್ಕಿತು.

1970ರ ದಶಕದ ಶುರುವಿನಲ್ಲಿ ಅಮೆರಿಕದ ಒಂದು ದೊಡ್ಡ ಬ್ಯಾಂಕು ತನ್ನ ಶಾಖೆಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸಬೇಕು ಅಂತ ಹೊರಟಿತು. 1,000 ಶಾಖೆ, 10,000 ಟೆಲ್ಲರ್, 1 ಕೋಟಿ ಖಾತೆ. ಜನಜಂಗುಳಿಯ ಹೊತ್ತಿನಲ್ಲಿ ಸೆಕೆಂಡಿಗೆ 100 ವ್ಯವಹಾರ ಆಗಬೇಕು ಅನ್ನೋದು ಬೇಡಿಕೆ. ಇವತ್ತು ನಗು ಬರುವ ಸಂಖ್ಯೆ, ಆವತ್ತು ಎದೆ ಒಡೆಯುವ ಸಂಖ್ಯೆ. ಒಂದು ವ್ಯವಹಾರ ಅಂದ್ರೆ ಇಷ್ಟೇ: ಖಾತೆಯ ಬಾಕಿ ಬದಲಾಯಿಸು, ಟೆಲ್ಲರ್ ಕೈಯಲ್ಲಿರುವ ನಗದಿನ ಲೆಕ್ಕ ಬದಲಾಯಿಸು, ಶಾಖೆಯ ಲೆಕ್ಕ ಬದಲಾಯಿಸು, ಇಂಥವರು ಇಂಥ ಹೊತ್ತಿಗೆ ಇಷ್ಟು ಕೊಟ್ಟರು ಅಥವಾ ತಗೊಂಡರು ಅಂತ ಚರಿತ್ರೆಯಲ್ಲಿ ಒಂದು ಸಾಲು ಬರೆ. ನಾಲ್ಕೂ ಆಗಬೇಕು, ಇಲ್ಲಾ ಯಾವುದೂ ಆಗಬಾರದು. ಆಯ್ತು ಅಂತ ಒಮ್ಮೆ ಹೇಳಿದ ಮೇಲೆ ಕರೆಂಟು ಹೋದರೂ ಅದು ಅಳಿಸಬಾರದು. ಪಿಜಿಬೆಂಚ್ ಈಗಲೂ ಮಾಡೋದು ಇದನ್ನೇ, ನಡುವೆ ಒಂದು ಸಲ ಬಾಕಿ ಎಷ್ಟು ಅಂತ ಓದಿ ನೋಡುತ್ತೆ ಅಷ್ಟೇ.

'ಆಯ್ತು ಅಂತ ಹೇಳಿದ ಮೇಲೆ ಅಳಿಸಬಾರದು' ಅನ್ನೋ ಮಾತು ಕಂಪ್ಯೂಟರ್ ಸೈನ್ಸಿನ ನಾಲ್ಕನೇ ಸೆಮಿಸ್ಟರಿನಲ್ಲಿ ಡ್ಯೂರಬಿಲಿಟಿ ಅನ್ನೋ ಹೆಸರಲ್ಲಿ ಬಂತು. ನನಗೆ ಅದು ಮೊದಲೇ ಗೊತ್ತಿತ್ತು. ನಾಗಮಂಗಲದ ಕಡೆ ನಮ್ಮೂರಲ್ಲಿ ಅವ್ವ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೀತಾಳೆ. ವಾರದ ಕಂತು ಕೊಡೋಕೆ ಬಂದವರು ನೋಟು ಚಾಚಿದರೆ, ಅವ್ವ ಮೊದಲು ಪುಸ್ತಕದಲ್ಲಿ ಬರೆದು, ಆಮೇಲೆ ನೋಟು ಡಬ್ಬಿಗೆ ಹಾಕಿ, ಕೊನೆಗೆ ಅವರ ಕಾರ್ಡಿಗೆ ಸೈನು. ಎಷ್ಟೇ ಸಾಲು ನಿಂತಿರಲಿ. 'ಆಮೇಲೆ ಬರ್ಕತೀನಿ, ಹೋಗು' ಅಂದಿದ್ದನ್ನು ನಾನು ನೋಡಿಲ್ಲ. ಹಾಗೆ ಅಂದಿದ್ದರೆ ಗಂಟೆಗೆ ಇನ್ನೂ ಇಪ್ಪತ್ತು ಜನರನ್ನು ಕಳಿಸಬಹುದಿತ್ತು. ಈ ಲೇಖನದ ಜಗಳವೆಲ್ಲ ಇಷ್ಟರಲ್ಲೇ ಇದೆ.

ಆ ಬ್ಯಾಂಕಿನ ವ್ಯವಹಾರದ ಮಾದರಿಯನ್ನು ಇಟ್ಟುಕೊಂಡು ಐಬಿಎಂ ಒಳಗೆ ಟಿಪಿ1 ಅನ್ನೋ ಪರೀಕ್ಷೆ ಬಳಕೆಗೆ ಬಂತು. ಸರಳ ಪರೀಕ್ಷೆ, ಯಾರು ಬೇಕಾದರೂ ಬರೆಯಬಹುದು. ಅದೇ ತೊಂದರೆಯಾಯ್ತು. ಟರ್ಮಿನಲ್ ಇಲ್ಲ, ನೆಟ್‌ವರ್ಕ್ ಇಲ್ಲ, ಟೆಲ್ಲರ್ ಕೀ ಒತ್ತೋಕೆ ತಗೊಳ್ಳೋ ಸಮಯ ಇಲ್ಲ. ಸುಮ್ಮನೆ ಒಂದು ಲೂಪಿನಲ್ಲಿ ವ್ಯವಹಾರಗಳನ್ನು ತುರುಕೋದು. 80ರ ದಶಕ ಬರುವ ಹೊತ್ತಿಗೆ ಪ್ರತಿ ಕಂಪನಿಯೂ ತನ್ನದೇ ಟಿಪಿ1 ಓಡಿಸಿ ತನ್ನದೇ ಸಂಖ್ಯೆ ಜಾಹೀರಾತಿಗೆ ಹಾಕುತ್ತಿತ್ತು. ಒಬ್ಬರ ಟಿಪಿಎಸ್‌ಗೂ ಇನ್ನೊಬ್ಬರ ಟಿಪಿಎಸ್‌ಗೂ ಹೆಸರು ಬಿಟ್ಟರೆ ಬೇರೆ ಸಂಬಂಧ ಇರಲಿಲ್ಲ.

ಇದೇ ಹೊತ್ತಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಡಿವಿಟ್ ಅನ್ನೋ ಪ್ರಾಧ್ಯಾಪಕರು, ಡೀನಾ ಬಿಟ್ಟನ್ ಮತ್ತು ಕ್ಯಾರೊಲಿನ್ ಟರ್ಬಿಫಿಲ್ ಜೊತೆ ಸೇರಿ ಇನ್ನೊಂದು ದಾರಿ ಹಿಡಿದರು. ಮಾರುವವರು ಹೇಳೋದು ಬೇಡ, ನಾವೇ ಓಡಿಸಿ ನೋಡೋಣ ಅಂತ. ತಾವೇ ಕಟ್ಟಿದ ಕೃತಕ ಟೇಬಲ್‌ಗಳು, ಒಂದೊಂದು ಸಾಲು 182 ಬೈಟು, ಒಂದೇ ಥರದ ಪ್ರಶ್ನೆಗಳು. ಒಂದು ಪ್ರಶ್ನೆಗೆ ಇಂಡೆಕ್ಸ್ ಇದ್ದರೆ ಎಷ್ಟು ಹೊತ್ತು, ಇಲ್ಲದಿದ್ದರೆ ಎಷ್ಟು ಹೊತ್ತು ಅಂತ ಬಿಡಿಸಿ ಬಿಡಿಸಿ ಅಳೆದರು. 1983ರಲ್ಲಿ ಫಲಿತಾಂಶವನ್ನು ಡೇಟಾಬೇಸ್‌ಗಳ ಹೆಸರು ಸಮೇತ ಪ್ರಕಟಿಸಿದರು. ಇಂಗ್ರೆಸ್ ಇಷ್ಟು, ಐಡಿಎಂ ಇಷ್ಟು, ಒರಾಕಲ್ ಇಷ್ಟು. ಒರಾಕಲ್‌ಗೆ ಆ ಪಟ್ಟಿಯಲ್ಲಿ ಹೆಮ್ಮೆ ಪಡುವಂಥ ಜಾಗ ಸಿಗಲಿಲ್ಲ.

ಮುಂದೆ ಆದದ್ದನ್ನು ಡಿವಿಟ್ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಒರಾಕಲ್‌ನ ಲ್ಯಾರಿ ಎಲಿಸನ್ ಅವರ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಈ ಮನುಷ್ಯನನ್ನು ಕೆಲಸದಿಂದ ತೆಗೀರಿ ಅಂದರಂತೆ. ತೆಗೆಯಲಿಲ್ಲ. ಆದರೆ ಒರಾಕಲ್‌ನ ಲೈಸೆನ್ಸ್ ಒಪ್ಪಂದದಲ್ಲಿ ಒಂದು ಹೊಸ ಷರತ್ತು ಬಂತು: ನಮ್ಮ ಅನುಮತಿಯಿಲ್ಲದೆ ಬೆಂಚ್‌ಮಾರ್ಕ್ ಫಲಿತಾಂಶ ಪ್ರಕಟಿಸುವಂತಿಲ್ಲ. ಬೇರೆ ಕಂಪನಿಗಳೂ ಅದನ್ನು ನೋಡಿಕೊಂಡು ಬರೆದುಕೊಂಡವು. ಉದ್ಯಮದಲ್ಲಿ ಅದಕ್ಕೆ ಡಿವಿಟ್ ಕ್ಲಾಸ್ ಅಂತಲೇ ಹೆಸರು. 'ಐ ಅಗ್ರೀ' ಒತ್ತುವಾಗ ಎಷ್ಟೋ ಸಲ ನೀವೂ ನಾನೂ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೇವೆ. ಕೆಲವು ಸಂಶೋಧನಾ ಲೇಖನಗಳಲ್ಲಿ 'ಡಿಬಿಎಂಎಸ್ ಎಕ್ಸ್', 'ಸಿಸ್ಟಂ ಎ' ಅಂತ ಬುರ್ಖಾ ಹಾಕಿದ ಹೆಸರುಗಳು ಬರುತ್ತವಲ್ಲ, ನಾನು ಕಾಲೇಜಿನಲ್ಲಿ ಅದನ್ನು ಸಜ್ಜನಿಕೆ ಅಂದುಕೊಂಡಿದ್ದೆ. ವಕೀಲರ ಭಯ ಅಂತ ತಡವಾಗಿ ಗೊತ್ತಾಯ್ತು.

ಈ ಕಥೆಯ ಮುಖ್ಯ ಮನುಷ್ಯ ಜಿಮ್ ಗ್ರೇ. ಟ್ರಾನ್ಸಾಕ್ಷನ್ ಅನ್ನೋ ಕಲ್ಪನೆಗೆ ಗಟ್ಟಿ ಬುನಾದಿ ಹಾಕಿದವರು, 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 80ರ ದಶಕದಲ್ಲಿ ಅವರು ಟ್ಯಾಂಡಮ್ ಅನ್ನೋ ಕಂಪನಿಯಲ್ಲಿದ್ದರು, ನಿಲ್ಲದೆ ಓಡುವ ಕಂಪ್ಯೂಟರುಗಳಿಗೆ ಹೆಸರಾದ ಕಂಪನಿ. ಟಿಪಿ1 ಹೆಸರಿನ ಈ ಸಂತೆ ನೋಡಿ ಅವರಿಗೆ ಸಾಕಾಗಿತ್ತು ಅಂತ ಕಾಣುತ್ತೆ. 1985ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಲೇಖಕರ ಹೆಸರಿನ ಜಾಗದಲ್ಲಿ 'ಅನಾಮಧೇಯ ಮತ್ತು ಇತರರು'. ಸಂಚಿಕೆಯ ತಾರೀಖು ಏಪ್ರಿಲ್ 1! ಬೇರೆ ಬೇರೆ ಕಂಪನಿಗಳಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಅದರಲ್ಲಿ ಕೈಯಾಡಿಸಿದ್ದರು. ಹೆಸರು ಹಾಕಿದ್ದರೆ ಎಲ್ಲರ ಕಂಪನಿಯ ವಕೀಲರೂ ಓದಬೇಕಾಗುತ್ತಿತ್ತು. ಬರೆದದ್ದು ಗ್ರೇ ಅಂತ ಎಲ್ಲರಿಗೂ ಗೊತ್ತಿತ್ತು.

ಆ ಲೇಖನದಲ್ಲಿ ನಮ್ಮ ಬ್ಯಾಂಕು ಮತ್ತೆ ಬಂತು, ಡೆಬಿಟ್‌ಕ್ರೆಡಿಟ್ ಅನ್ನೋ ಹೆಸರಲ್ಲಿ. ಈ ಸಲ ಷರತ್ತುಗಳ ಸಮೇತ. 95ರಷ್ಟು ಪಾಲು ವ್ಯವಹಾರಗಳು 1 ಸೆಕೆಂಡಿನೊಳಗೆ ಮುಗಿಯಬೇಕು, ಸರಾಸರಿ ಹೇಳಿ ತಪ್ಪಿಸಿಕೊಳ್ಳೋ ಹಾಗಿಲ್ಲ. 15ರಷ್ಟು ಪಾಲು ವ್ಯವಹಾರದಲ್ಲಿ ಖಾತೆ ಬೇರೆ ಶಾಖೆಯದ್ದಾಗಿರಬೇಕು. ಸೆಕೆಂಡಿಗೆ ಹೆಚ್ಚು ವ್ಯವಹಾರ ಮಾಡ್ತೀನಿ ಅಂದರೆ ಅದಕ್ಕೆ ತಕ್ಕಂತೆ ಬ್ಯಾಂಕೂ ದೊಡ್ಡದಾಗಬೇಕು. ಇದು ತುಂಬಾ ಜಾಣ ಷರತ್ತು. ಇಲ್ಲದಿದ್ದರೆ ಹತ್ತೇ ಖಾತೆ ಇಟ್ಟುಕೊಂಡು, ಎಲ್ಲವನ್ನೂ ಮೆಮೊರಿಯಲ್ಲಿ ಕೂರಿಸಿ, ಡಿಸ್ಕಿನ ಮುಖ ನೋಡದೆ ದಾಖಲೆ ಮಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬೆಲೆ ಹೇಳಬೇಕು. 5 ವರ್ಷಕ್ಕೆ ಯಂತ್ರ, ಸಾಫ್ಟ್‌ವೇರ್, ನಿರ್ವಹಣೆ ಎಲ್ಲ ಸೇರಿ ಎಷ್ಟು, ಅದನ್ನು ಟಿಪಿಎಸ್‌ನಿಂದ ಭಾಗಿಸಿದರೆ ಎಷ್ಟು. ನಮ್ಮ ಕಡೆ ಎಮ್ಮೆ ಕೊಳ್ಳುವವರು ಎಷ್ಟು ಲೀಟರ್ ಕೊಡುತ್ತೆ ಅಂತ ಕೇಳಿದ ಬೆನ್ನಿಗೇ ಎಷ್ಟು ತಿನ್ನುತ್ತೆ ಅಂತ ಕೇಳ್ತಾರೆ, ಹಾಗೆ.

ಗ್ರೇ ಬಗ್ಗೆ ಇನ್ನೊಂದು ಮಾತು, ಇಲ್ಲಿ ಸಲ್ಲದಿದ್ದರೂ ಹೇಳಿಬಿಡ್ತೀನಿ. 2007ರ ಜನವರಿ 28ರಂದು ತಾಯಿಯ ಚಿತಾಭಸ್ಮ ಸಮುದ್ರದಲ್ಲಿ ಬಿಡೋಕೆ ಅಂತ ಸ್ಯಾನ್ ಫ್ರಾನ್ಸಿಸ್ಕೋದಿಂದ ಫರಲಾನ್ ದ್ವೀಪಗಳ ಕಡೆ ತಮ್ಮ ಹಾಯಿದೋಣಿಯಲ್ಲಿ ಒಬ್ಬರೇ ಹೋದರು. ತಿರುಗಿ ಬರಲಿಲ್ಲ. ಕೋಸ್ಟ್ ಗಾರ್ಡ್ ಹುಡುಕಿತು, ಆಮೇಲೆ ಗೆಳೆಯರು ಉಪಗ್ರಹ ಚಿತ್ರಗಳನ್ನು ಸಾವಿರಾರು ತುಂಡು ಮಾಡಿ ಇಂಟರ್ನೆಟ್ಟಿಗೆ ಹಾಕಿದರು, ಜಗತ್ತಿನ ಮೂಲೆ ಮೂಲೆಯ ಅಪರಿಚಿತರು ಕೂತು ದೋಣಿಗಾಗಿ ನೋಡಿದರು. ಏನೂ ಸಿಗಲಿಲ್ಲ. ಬರೆದಿಟ್ಟದ್ದು ಕಳೆದುಹೋಗಬಾರದು ಅಂತ ಜೀವಮಾನವಿಡೀ ದುಡಿದ ಮನುಷ್ಯ ಹಾಗೆ ಹೋದದ್ದು ನೆನೆದರೆ ಈಗಲೂ ಒಂಥರಾ ಆಗುತ್ತೆ.

ಇರಲಿ. ಡೆಬಿಟ್‌ಕ್ರೆಡಿಟ್ ಬಂದರೂ ಜಗಳ ನಿಲ್ಲಲಿಲ್ಲ. ಲೇಖನದಲ್ಲಿ ಷರತ್ತು ಬರೆದರೆ ಸಾಕೇ, ನೋಡುವವರು ಯಾರು? 1988ರ ಆಗಸ್ಟಿನಲ್ಲಿ ಓಮ್ರಿ ಸರ್ಲಿನ್ ಅನ್ನೋ ವಿಶ್ಲೇಷಕರು 8 ಕಂಪನಿಗಳನ್ನು ಒಪ್ಪಿಸಿ ಟಿಪಿಸಿ ಅನ್ನೋ ಮಂಡಳಿ ಕಟ್ಟಿದರು, ಟ್ರಾನ್ಸಾಕ್ಷನ್ ಪ್ರೊಸೆಸಿಂಗ್ ಪರ್ಫಾರ್ಮೆನ್ಸ್ ಕೌನ್ಸಿಲ್. 1989ರಲ್ಲಿ ಅದರ ಮೊದಲ ಪರೀಕ್ಷೆ ಟಿಪಿಸಿ-ಎ ಬಂತು. ಅದೇ ಬ್ಯಾಂಕು, ಸ್ವಲ್ಪ ಬೇರೆ ಅಳತೆ: ಸೆಕೆಂಡಿಗೆ 1 ವ್ಯವಹಾರಕ್ಕೆ 1 ಶಾಖೆ, 10 ಟೆಲ್ಲರ್, 1,00,000 ಖಾತೆ. ಟೆಲ್ಲರ್ ಒಬ್ಬ ಸರಾಸರಿ 10 ಸೆಕೆಂಡಿಗೆ ಒಂದು ಗಿರಾಕಿಯನ್ನು ನೋಡ್ತಾನೆ, ಆದ್ದರಿಂದ ಹತ್ತು ಜನ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಮರು ವರ್ಷ ಟರ್ಮಿನಲ್ಲು, ನೆಟ್‌ವರ್ಕು ಕಿತ್ತುಹಾಕಿ ಬರೀ ಡೇಟಾಬೇಸನ್ನು ಹಿಂಡುವ ಟಿಪಿಸಿ-ಬಿ ಬಂತು. ಗಿರಾಕಿ ಹೋದ, ಟೆಲ್ಲರ್‌ಗಳು ಮಾತ್ರ ಲೆಕ್ಕದ ಪುಸ್ತಕದಲ್ಲಿ ಉಳಿದರು. 1995ರಲ್ಲಿ ಮಂಡಳಿ ಎರಡನ್ನೂ ನಿವೃತ್ತಿಗೊಳಿಸಿತು. ಪಿಜಿಬೆಂಚ್‌ಗೆ ಮಾತ್ರ ಯಾರೂ ರಿಟೈರ್‌ಮೆಂಟ್ ಆರ್ಡರ್ ಕೊಟ್ಟಿಲ್ಲ.

ಮಂಡಳಿಯ ನಿಜವಾದ ಹೊಸತನ ಪರೀಕ್ಷೆ ಅಲ್ಲ, ಕಾಗದಪತ್ರ. ಫಲಿತಾಂಶ ಹೇಳುವವರು ಪೂರ್ಣ ವರದಿ ಕೊಡಬೇಕು. ಯಾವ ಯಂತ್ರ, ಎಷ್ಟು ಡಿಸ್ಕು, ಯಾವ ಕಂಟ್ರೋಲರು, ಡೇಟಾಬೇಸಿನ ಯಾವ ಸೆಟ್ಟಿಂಗು ಎಷ್ಟಕ್ಕಿದೆ, ಬೆಲೆ ಪಟ್ಟಿ ಸಮೇತ. ನಡುವೆ ಕರೆಂಟು ತೆಗೆದರೆ, ಡಿಸ್ಕು ಕಿತ್ತರೆ, ಮುಗಿದ ವ್ಯವಹಾರ ಉಳಿಯುತ್ತೆ ಅಂತ ಮಾಡಿ ತೋರಿಸಬೇಕು. ಇಂಥ ವರದಿಗಳು ನೂರಾರು ಪುಟ ಇರುತ್ತವೆ. ಒಮ್ಮೆ ಒಂದನ್ನು ತೆಗೆದು ಓದಿ ನೋಡಿ, ಮುಖಪುಟದಲ್ಲಿ ಕೋಟಿಗಟ್ಟಲೆ ಬೆಲೆಯ ದಪ್ಪ ಅಕ್ಷರ, ಒಳಗೆ ಹೋದರೆ ಕೇಬಲ್ಲಿಗೂ ರೇಟು ಹಾಕಿರ್ತಾರೆ.

ಕಾಗದಪತ್ರ ಬಂದರೂ ಮನುಷ್ಯ ಬದಲಾಗಲ್ಲ. 1993ರಲ್ಲಿ ಸ್ಟ್ಯಾಂಡಿಶ್ ಗ್ರೂಪ್ ಅನ್ನೋ ಸಂಸ್ಥೆ ಒರಾಕಲ್ ಮೇಲೆ ಆರೋಪ ಮಾಡಿತು: ಡಿಸ್ಕ್ರೀಟ್ ಟ್ರಾನ್ಸಾಕ್ಷನ್ ಅನ್ನೋ ವಿಶೇಷ ಆಯ್ಕೆಯನ್ನು ಸಾಫ್ಟ್‌ವೇರಿಗೆ ಸೇರಿಸಿರೋದು ಟಿಪಿಸಿ-ಎ ಅಂಕ ಏರಿಸೋಕೆ, ನಿಜವಾದ ಗಿರಾಕಿಗೆ ಅದರಿಂದ ಉಪಯೋಗ ಇಲ್ಲ ಅಂತ. ಒರಾಕಲ್ ಒಪ್ಪಲಿಲ್ಲ. ಮಂಡಳಿ ಪರೀಕ್ಷೆಗಂತಲೇ ಹುಟ್ಟಿಸಿದ ಇಂಥ 'ಬೆಂಚ್‌ಮಾರ್ಕ್ ಸ್ಪೆಷಲ್'ಗಳನ್ನು ನಿಷೇಧಿಸಿ ನಿಯಮ ಬರೆಯಿತು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಒರಾಕಲ್ ತನ್ನ ಟಿಪಿಸಿ-ಎ ಫಲಿತಾಂಶಗಳನ್ನೆಲ್ಲ ವಾಪಸ್ ತಗೊಂಡಿತು.

ಇದನ್ನು ಓದುವಾಗ ನನಗೆ ನಮ್ಮೂರ ಹಾಲಿನ ಡೇರಿ ನೆನಪಾಯ್ತು. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡ್ತಾರೆ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತೆ. ಆದರೆ ಕೆನೆ ತೆಗೆದರೆ ಡಿಗ್ರಿ ಏರುತ್ತೆ, ಕೆನೆ ನೀರಿಗಿಂತ ಹಗುರ ಅಲ್ವಾ. ಹಾಗಾಗಿ ಕೆನೆ ತೆಗೆದು, ಅಷ್ಟಕ್ಕೆ ಸರಿಯಾಗಿ ನೀರು ಸೇರಿಸಿದರೆ ಲ್ಯಾಕ್ಟೋಮೀಟರ್ ಪಾಪ ಏನೂ ಹೇಳಲ್ಲ. ಅದಕ್ಕೇ ಪಕ್ಕದಲ್ಲಿ ಫ್ಯಾಟ್ ಟೆಸ್ಟು ಬಂತು. ಅದು ಬಂದಮೇಲೆ ಡಿಗ್ರಿ ಏರಿಸೋಕೆ ಸಕ್ಕರೆ ಹಾಕುವವರು ಹುಟ್ಟಿಕೊಂಡರು, ಸಕ್ಕರೆ ಹಿಡಿಯೋಕೆ ಇನ್ನೊಂದು ಟೆಸ್ಟು. ಒಂದೊಂದು ಟೆಸ್ಟಿನ ಹಿಂದೆಯೂ ಒಬ್ಬೊಬ್ಬ ಜಾಣ ಇದ್ದಾನೆ.

ಟಿಪಿಸಿಯದೂ ಅದೇ ಕಥೆ. 1992ರಲ್ಲಿ ಬಂದ ಟಿಪಿಸಿ-ಸಿ ಬ್ಯಾಂಕು ಬಿಟ್ಟು ಗೋದಾಮಿಗೆ ಹೋಯಿತು: ಹೊಸ ಆರ್ಡರು, ಪಾವತಿ, ಡೆಲಿವರಿ, ಸ್ಟಾಕು ಹೀಗೆ 5 ಥರದ ವ್ಯವಹಾರ, ಎಣಿಸೋದು ಮಾತ್ರ ನಿಮಿಷಕ್ಕೆ ಎಷ್ಟು ಹೊಸ ಆರ್ಡರು ಅಂತ. ಆ ವರ್ಷ ಸೆಪ್ಟೆಂಬರಿನ ಮೊದಲ ಫಲಿತಾಂಶ ನಿಮಿಷಕ್ಕೆ 54, ಒಂದೊಂದಕ್ಕೆ ಬೆಲೆ 1,88,562 ಡಾಲರ್. 1998ರ ಜನವರಿ ಹೊತ್ತಿಗೆ ಅತ್ಯುತ್ತಮ ಫಲಿತಾಂಶ 52,871, ಬೆಲೆ 135 ಡಾಲರ್. ಯಂತ್ರ ಸುಧಾರಿಸಿದ್ದು ನಿಜ, ಸಾಫ್ಟ್‌ವೇರ್ ಸುಧಾರಿಸಿದ್ದೂ ನಿಜ. ಸ್ಪರ್ಧೆಯಿಂದ ಒಳ್ಳೇದೂ ಆಯ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಹಾಗೇ ಈ ಪರೀಕ್ಷೆಯನ್ನು ಗೋದಾಮುಗಳ ಪ್ರಕಾರ ಹೋಳು ಮಾಡಿ ಬೇರೆ ಬೇರೆ ಯಂತ್ರಕ್ಕೆ ಹಂಚಬಹುದು, ಹೊಸ ಆರ್ಡರಿನಲ್ಲಿ ನೂರಕ್ಕೆ ಒಂದರಷ್ಟು ಸರಕು ಮಾತ್ರ ಬೇರೆ ಗೋದಾಮಿನದು. ಹಾಗಾಗಿ ಯಂತ್ರ ಗುಡ್ಡೆ ಹಾಕುತ್ತಾ ಹೋದರೆ ಸಂಖ್ಯೆ ಏರುತ್ತಾ ಹೋಗುತ್ತೆ. 2020ರಲ್ಲಿ ಚೀನಾದ ಓಷನ್‌ಬೇಸ್ 70 ಕೋಟಿ ದಾಟಿಸಿತು. 70 ಕೋಟಿ, ನಿಮಿಷಕ್ಕೆ! ನಿಮ್ಮ ನನ್ನ ಒಂದು ಸರ್ವರಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ.

ಟಿಪಿಸಿ-ಡಿ ಪಾಡು ಇನ್ನೂ ಸ್ವಾರಸ್ಯ. ದೊಡ್ಡ ದೊಡ್ಡ ವರದಿಗಳ ಪ್ರಶ್ನೆ ಕೇಳುವ ಪರೀಕ್ಷೆ ಅದು, 17 ಪ್ರಶ್ನೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತು. ಹಾಗಿದ್ದ ಮೇಲೆ ಉತ್ತರವನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡರೆ? ಮೆಟೀರಿಯಲೈಸ್ಡ್ ವ್ಯೂ ಅನ್ನೋ ಸೌಲಭ್ಯ ಬಂದಮೇಲೆ ಅದೇ ಆಯ್ತು. ಸೌಲಭ್ಯ ನಿಜಕ್ಕೂ ಒಳ್ಳೇದು, ನಾವೆಲ್ಲ ದಿನಾ ಬಳಸ್ತೀವಿ. ಪರೀಕ್ಷೆ ಮಾತ್ರ ಸತ್ತಿತು. 1999ರಲ್ಲಿ ಮಂಡಳಿ ಅದನ್ನು ಎರಡು ಹೋಳು ಮಾಡಿ, ಉತ್ತರ ಬರೆದಿಟ್ಟುಕೊಳ್ಳುವಂತಿಲ್ಲ ಅನ್ನೋ ಟಿಪಿಸಿ-ಎಚ್, ಇಟ್ಟುಕೊಳ್ಳಬಹುದು ಅನ್ನೋ ಟಿಪಿಸಿ-ಆರ್ ತಂದಿತು. ಎಚ್ ಉಳಿಯಿತು, ಆರ್ ಬಗ್ಗೆ ಈಗ ಯಾರೂ ಮಾತಾಡಲ್ಲ.

ಇಷ್ಟೆಲ್ಲ ದೊಡ್ಡವರ ಕಳ್ಳಾಟ ಬರೆದ ಮೇಲೆ ನನ್ನದೂ ಒಂದು ಹೇಳಲೇಬೇಕು. ಹನ್ನೆರಡು ವರ್ಷದ ಹಿಂದಿನ ಮಾತು. ಆಗಿದ್ದ ಕಂಪನಿಯಲ್ಲಿ ಒಬ್ಬ ಗಿರಾಕಿಗೆ ಹಳೇ ಸರ್ವರ್ ಸಾಕಾ, ಹೊಸದು ಬೇಕಾ ಅಂತ ಹೋಲಿಸಿ ಹೇಳುವ ಕೆಲಸ ನನ್ನದಾಗಿತ್ತು. ಗಿರಾಕಿ ಅಂದ್ರೆ ಹಳ್ಳಿಯ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಸಂಸ್ಥೆ. ಅವ್ವನ ಪುಸ್ತಕದಂಥ ಸಾವಿರಾರು ಪುಸ್ತಕಗಳ ಕಂತು ಆ ಡೇಟಾಬೇಸಿಗೆ ಬರುತ್ತಿತ್ತು. ಎರಡೂ ಸರ್ವರಿನಲ್ಲಿ ಪಿಜಿಬೆಂಚ್ ಓಡಿಸಿದೆ. ಹೊಸದು ಹತ್ತಾರು ಪಟ್ಟು ವೇಗ! ಮ್ಯಾನೇಜರ್ ಬೆನ್ನು ತಟ್ಟಿದರು. ಸಂಖ್ಯೆ ಸ್ಲೈಡಿಗೆ ಹೋಯ್ತು, ಸ್ಲೈಡು ಗಿರಾಕಿಗೆ ಹೋಯ್ತು.

ನಮ್ಮಲ್ಲಿ ಒಬ್ಬರು ಹಿರಿಯ ಡಿಬಿಎ ಇದ್ದರು. ಧಾರವಾಡ ಕಡೆಯವರು, ಮಾತು ಕಡಿಮೆ. ಕ್ಯಾಂಟೀನಲ್ಲಿ ಎದುರು ಕೂತು ಕೇಳಿದರು.

"ಏನಪಾ, ಆ ಹೊಸಾ ಮಶೀನಿನ ಡಿಸ್ಕ್ ಎಷ್ಟ್ ಆರ್‌ಪಿಎಂ?"

"7,200 ಸರ್."

"ಬ್ಯಾಟರಿ ಇರೋ ರೇಡ್ ಕಾರ್ಡ್ ಐತೇನು?"

"ಇಲ್ಲ ಸರ್, ಮಾಮೂಲಿ."

"ಹಂಗಾರ ಒಂದೇ ಒಂದು ಕನೆಕ್ಷನ್ ಇಟ್ಟು ಓಡ್ಸು. ಎಷ್ಟ್ ಬಂತು ಹೇಳು."

ಓಡಿಸಿದೆ. ಸಾವಿರದ ಮೇಲೆ ಬಂತು. ಖುಷಿಯಿಂದಲೇ ಹೋಗಿ ಹೇಳಿದೆ. ಅವರು ಟಿಶ್ಯೂ ಪೇಪರಿನ ಮೇಲೆ ಬರೆದರು: 7,200 ಭಾಗಿಸು 60. ಉತ್ತರ 120. "ಡಿಸ್ಕು ಸೆಕೆಂಡಿಗೆ ನೂರಾ ಇಪ್ಪತ್ತು ಸುತ್ತು ತಿರಗತದ. ಕಮಿಟ್ ಆದ ಸಾಲು ಬರೀಬೇಕಂದ್ರ ಆ ಜಾಗ ತಿರುಗಿ ಮುಳ್ಳಿನ ಕೆಳಗ ಬರಬೇಕು. ಒಬ್ಬನ ಕೈಲಿಂದ ಸೆಕೆಂಡಿಗೆ ನೂರಾ ಇಪ್ಪತ್ತಕ್ಕಿಂತ ಹೆಚ್ಚು ಹೆಂಗ ಬರೀತಿ? ನಿನ್ನ ಡೇಟಾಬೇಸು ಬರದೀನಿ ಅಂತ ಸುಳ್ಳ ಹೇಳಾಕತ್ತದ. ಇಲ್ಲಾ ಡಿಸ್ಕು ಹೇಳಾಕತ್ತದ."

ಹೇಳುತ್ತಿದ್ದದ್ದು ಡೇಟಾಬೇಸು. ಎರಡು ವಾರದ ಹಿಂದೆ ಡೇಟಾ ತುಂಬಿಸುವಾಗ ಬೇಗ ಆಗಲಿ ಅಂತ ನಾನೇ ಎಫ್‌ಸಿಂಕ್ ಅನ್ನೋ ಸೆಟ್ಟಿಂಗನ್ನು ಆಫ್ ಮಾಡಿದ್ದೆ. ಎಫ್‌ಸಿಂಕ್ ಅಂದ್ರೆ ಡಿಸ್ಕಿಗೆ ನಿಜವಾಗಿ ತಲುಪಿತು ಅಂತ ಖಾತ್ರಿ ಆದಮೇಲೇ 'ಆಯ್ತು' ಅನ್ನು ಅನ್ನೋ ಆಜ್ಞೆ. ಅದನ್ನು ತೆಗೆದರೆ ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮಿನ ಕೈಗೆ ಚೀಟಿ ಕೊಟ್ಟು 'ಆಯ್ತು' ಅಂದುಬಿಡುತ್ತೆ. ಕರೆಂಟು ಹೋದರೆ ಕೊನೆಯ ಕೆಲವು ಕಂತುಗಳಷ್ಟೇ ಹೋಗಲ್ಲ, ಇಡೀ ಡೇಟಾಬೇಸೇ ಕೆಟ್ಟು ಕೂರಬಹುದು. ತಿರುಗಿ ಆನ್ ಮಾಡೋದು ಮರೆತಿದ್ದೆ. ಹಳೇ ಸರ್ವರು ಒಬ್ಬ ಅವ್ವನ ಹಾಗೆ ಬರೆದು ಬರೆದು ಕಳಿಸುತ್ತಿತ್ತು. ಹೊಸದು 'ಆಮೇಲೆ ಬರ್ಕತೀನಿ, ಹೋಗು' ಅನ್ನುತ್ತಿತ್ತು. ನಾನು ಅದನ್ನು ವೇಗ ಅಂತ ಕರೆದಿದ್ದೆ.

ಎಫ್‌ಸಿಂಕ್ ಆನ್ ಮಾಡಿ ಓಡಿಸಿದರೆ ಹತ್ತಾರು ಪಟ್ಟು ಹೋಗಿ ಎರಡು ಪಟ್ಟೂ ಉಳಿಯಲಿಲ್ಲ. ಇನ್ನೊಂದು ತಪ್ಪೂ ಹೊರಬಿತ್ತು. ನಾನು ಅಳತೆ ಬದಲಾಯಿಸದೆ, ಅದೇ 1 ಬ್ರಾಂಚಿನ ಬ್ಯಾಂಕಿನ ಮೇಲೆ 16 ಕನೆಕ್ಷನ್ ಬಿಟ್ಟಿದ್ದೆ. ಪ್ರತಿ ವ್ಯವಹಾರವೂ ಶಾಖೆಯ ಲೆಕ್ಕದ ಆ ಒಂದೇ ಸಾಲನ್ನು ಮುಟ್ಟಬೇಕು. ಹದಿನಾರು ಜನ ಒಂದೇ ಪೆನ್ನಿಗೆ ಕಾದು ನಿಂತ ಹಾಗೆ. ನಾನು ಅಳೆದದ್ದು ಸರ್ವರನ್ನಲ್ಲ, ಕ್ಯೂವನ್ನು. ಬ್ಯಾಂಕು ದೊಡ್ಡದಾಗಬೇಕು ಅಂತ ಗ್ರೇ 1985ರಲ್ಲೇ ಬರೆದಿದ್ದು ಇದಕ್ಕೇ. ಪಿಜಿಬೆಂಚ್‌ನ ಕೈಪಿಡಿಯಲ್ಲೂ ಸ್ಪಷ್ಟವಾಗಿ ಇದೆ, ಕನೆಕ್ಷನ್ ಎಷ್ಟೋ ಅಳತೆ ಕನಿಷ್ಠ ಅಷ್ಟಿರಲಿ ಅಂತ. ಕೈಪಿಡಿ ಓದೋಷ್ಟು ಪುರುಸೊತ್ತು ಯಾರಿಗಿತ್ತು. ಅಲ್ಲದೆ ಒಂದು ಲಕ್ಷ ಖಾತೆ ಅಂದ್ರೆ ಹದಿನೈದಿಪ್ಪತ್ತು ಎಂಬಿ, ಎಲ್ಲ ಮೆಮೊರಿಯಲ್ಲೇ ಕೂತುಬಿಡುತ್ತೆ. ಡೇಟಾ ಓದೋಕೆ ಡಿಸ್ಕು ಹೇಗಿದೆ ಅನ್ನೋದು ಆ ಪರೀಕ್ಷೆಗೆ ಗೊತ್ತಾಗೋದೇ ಇಲ್ಲ.

ಮ್ಯಾನೇಜರಿಗೆ ಹೇಳಿದೆ. "ಸ್ಲೈಡ್ ಆಲ್ರೆಡಿ ಹೋಗಿದೆಯಲ್ಲ" ಅಂದರು. ಸ್ಲೈಡ್ ಬದಲಾಗಲಿಲ್ಲ. ಗಿರಾಕಿ ಸರ್ವರ್ ಕೊಂಡರು. ನಾನು ಮಾಡಿದ್ದು ಒಂದೇ, ಲೈವ್ ಹೋಗುವ ಮುಂಚೆ ಎಫ್‌ಸಿಂಕ್ ಆನ್ ಇದೆಯಾ ಅಂತ ಮೂರು ಸಲ ನೋಡಿದೆ. ತಿಂಗಳ ಕೊನೆಯ ಲೆಕ್ಕ ಹೇಳಿದಷ್ಟು ಬೇಗ ಮುಗಿಯಲಿಲ್ಲ. ಕಾಲ್‌ನಲ್ಲಿ ಆ ಸಂಸ್ಥೆಯ ವಯಸ್ಸಾದ ಅಕೌಂಟೆಂಟು "ನೀವೇ ಅಲ್ವಾ ಸರ್ ಹೇಳಿದ್ದು, ಅಷ್ಟು ಪಟ್ಟು ಅಂತ" ಅಂದರು, ಜಗಳದ ದನಿಯಲ್ಲಿ ಅಲ್ಲ, ನಿಜವಾಗಿಯೂ ಅರ್ಥವಾಗದೆ. ನಾನು ಮ್ಯೂಟ್‌ನಲ್ಲಿದ್ದೆ. ಅನ್‌ಮ್ಯೂಟ್ ಮಾಡಲಿಲ್ಲ. ಆ ಭಾನುವಾರ ಊರಿಗೆ ಹೋದಾಗ ಅವ್ವ ಪುಸ್ತಕ ಬರೆಯುತ್ತಾ ಕೂತಿದ್ದಳು, ನಾನು ಹಿತ್ತಲ ಕಡೆ ಹೋದೆ.

ಈಗ ತಿರುಗುವ ಡಿಸ್ಕು ಕಡಿಮೆಯಾಗಿದೆ, 120ರ ಲೆಕ್ಕ ಎಸ್‌ಎಸ್‌ಡಿಗೆ ಹೊಂದಲ್ಲ. ಸುಳ್ಳು ಹೇಳುವ ಜಾಗ ಬದಲಾಗಿದೆ ಅಷ್ಟೇ. ಕ್ಲೌಡಿನ ಡಿಸ್ಕಿನದು ನೋಡಿ. ಅಮೆಜಾನಿನ ಜಿಪಿ2 ಅನ್ನೋ ಥರದ ಡಿಸ್ಕಿಗೆ ಒಂದು ಜಿಬಿಗೆ ಸೆಕೆಂಡಿಗೆ 3 ಓದು-ಬರಹದ ಹಕ್ಕು. 100 ಜಿಬಿ ತಗೊಂಡರೆ 300. ಆದರೆ ಖಾಲಿ ಕೂತ ಹೊತ್ತಿನಲ್ಲಿ ಉಳಿತಾಯ ಖಾತೆಗೆ ಜಮಾ ಆಗುತ್ತಿರುತ್ತೆ, ಬೇಕಾದಾಗ ಅದನ್ನು ಖರ್ಚು ಮಾಡಿ 3,000ದವರೆಗೂ ಹಾರಬಹುದು, ತುಂಬಿದ ಖಾತೆಯಿಂದ ಅರ್ಧ ಗಂಟೆಯಷ್ಟು. ನಾವು ಬೆಂಚ್‌ಮಾರ್ಕ್ ಓಡಿಸೋದು ಎಷ್ಟು ಹೊತ್ತು? ಹತ್ತು ನಿಮಿಷ. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಕೂತು ಊಟ ಹೇಗಿತ್ತು ಅಂತ ಹೇಳಿದ ಹಾಗೆ. ಕೊನೇ ಪಂಕ್ತಿಯವರನ್ನು ಕೇಳಬೇಕು.

ಆ ಡಿಬಿಎ ಸರ್ ನಿವೃತ್ತರಾಗಿ ಊರಲ್ಲಿದ್ದಾರೆ. ನಮ್ಮ ಈಗಿನ ಟೀಮಿನಲ್ಲಿ ಯಾರಾದರೂ ಟಿಪಿಎಸ್ ಅಂತ ಸಂಖ್ಯೆ ತಂದರೆ ನಾನು ಆ ಸಂಖ್ಯೆ ನೋಡೋದು ಕೊನೆಗೆ. ಮೊದಲು ಸೆಟ್ಟಿಂಗಿನ ಫೈಲು, ಆಮೇಲೆ ಅಳತೆ ಎಷ್ಟು ಅಂತ, ಎಷ್ಟು ಹೊತ್ತು ಓಡಿಸಿದ್ರಿ ಅಂತ, ಒಂದೇ ಕನೆಕ್ಷನ್ನಿಗೆ ಎಷ್ಟು ಬಂತು ಅಂತ. ಹುಡುಗರಿಗೆ ಕಿರಿಕಿರಿ, ಗೊತ್ತು. ಕಳೆದ ವಾರ ಹೊಸದಾಗಿ ಸೇರಿದ ಹುಡುಗನೊಬ್ಬ ಎರಡು ಇನ್‌ಸ್ಟನ್ಸ್ ಹೋಲಿಸಿ ಚೆಂದದ ಗ್ರಾಫ್ ತಂದಿದ್ದ. ಹುಮ್ಮಸ್ಸಿನಲ್ಲಿದ್ದ, ಥೇಟ್ ನನ್ನ ಹಾಗೆ.

"ಓಡ್ತಿರುವಾಗ ಪ್ಲಗ್ ಕಿತ್ತು ನೋಡಿದ್ಯೇನಪ್ಪಾ?" ಅಂದೆ.

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ.

"ಸರ್, ಇದು ಕ್ಲೌಡು. ಪ್ಲಗ್ ಎಲ್ಲಿದೆ?"